ಪ್ರಾರ್ಥನೆಯ ಕೋಣೆಯೂ ಅಂಗಡಿಯ ಲೆಕ್ಕವೂ

ಕ್ರೈಸ್ತ ಭಕ್ತರ ಚರಿತ್ರೆಗಳಲ್ಲಿ ಜಾನ್ ನ್ಯೂಟನ್ನನ ಕಥೆಯಷ್ಟು ಸಲ ಹೇಳಿಸಿಕೊಂಡ ಕಥೆ ವಿರಳ. ಭಾನುವಾರದ ಉಪದೇಶಗಳಲ್ಲಿಯೂ ಮಕ್ಕಳ ಪಾಠದ ಪುಸ್ತಕಗಳಲ್ಲಿಯೂ ಅದು ಒಂದೇ ಅಚ್ಚಿನಿಂದ ಇಳಿದಂತೆ ಬರುವುದು. ಗುಲಾಮರನ್ನು ಸಾಗಿಸುವ ಹಡಗಿನ ನಾಯಕನೊಬ್ಬನಿದ್ದನಂತೆ. ದೇವದೂಷಣೆಯಲ್ಲಿ ಅವನಿಗೆ ಸಮಾನರಿರಲಿಲ್ಲವಂತೆ. ಒಂದು ರಾತ್ರಿ ಬಿರುಗಾಳಿ ಎದ್ದು ಹಡಗು ಮುಳುಗುವಂತಾಗಲು ಅವನು ದೇವರನ್ನು ಕೂಗಿ ಕರೆದನಂತೆ. ಬೆಳಗಾಗುವಷ್ಟರಲ್ಲಿ ಗಾಳಿಯೂ ಶಾಂತವಾಗಿ, ಅವನೂ ಹೊಸ ಮನುಷ್ಯನಾಗಿ, ಆ ಪಾಪದ ವ್ಯಾಪಾರವನ್ನು ಅಲ್ಲಿಯೇ ಕಡಲಿಗೆ ಎಸೆದು, ಪಾದ್ರಿಯಾಗಿ, ಜಗತ್ತೆಲ್ಲ ಹಾಡುವ ‘ಅಮೇಜಿಂಗ್ ಗ್ರೇಸ್’ ಎಂಬ ಕೀರ್ತನೆಯನ್ನು ಬರೆದನಂತೆ. ಕೇಳಿದವರ ಕಣ್ಣು ತೇವವಾಗುವುದು. ಕಥೆಯಲ್ಲಿರುವ ಕೊರತೆ ಒಂದೇ: ನಡೆದುದು ಹಾಗಲ್ಲ.

ಬಿರುಗಾಳಿ ಬೀಸಿದುದು ನಿಜ. ೧೭೪೮ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ‘ಗ್ರೇಹೌಂಡ್’ ಎಂಬ ಹಡಗು ಅಟ್ಲಾಂಟಿಕ್ ಸಮುದ್ರದಲ್ಲಿ ಒಡೆಯುವ ಸ್ಥಿತಿಗೆ ಬಂದಾಗ ೨೨ ವರ್ಷದ ನ್ಯೂಟನ್ನನು ದೇವರ ಕರುಣೆಯನ್ನು ಬೇಡಿದುದೂ, ಆ ದಿನವನ್ನು ಸಾಯುವ ತನಕ ಮರೆಯದೆ ಆಚರಿಸಿದುದೂ ನಿಜ. ಆದರೆ ಆ ಹಡಗು ಗುಲಾಮರ ಹಡಗಾಗಿರಲಿಲ್ಲ. ಅವನು ಅದರ ನಾಯಕನೂ ಆಗಿರಲಿಲ್ಲ. ಗುಲಾಮರ ಹಡಗಿನ ನಾಯಕತ್ವವು ಅವನಿಗೆ ದೊರೆತುದು ಮನಸ್ಸು ತಿರುಗಿದ ಮೇಲೆ. ಅದೇ ವರ್ಷ ಅವನು ಗುಲಾಮರ ಹಡಗೊಂದರಲ್ಲಿ ನಾಯಕನ ಕೈಕೆಳಗಿನ ಅಧಿಕಾರಿಯಾಗಿ ಆಫ್ರಿಕಕ್ಕೆ ಹೊರಟನು. ೧೭೫೦ರಿಂದ ೧೭೫೪ರ ವರೆಗೆ ತಾನೇ ನಾಯಕನಾಗಿ ಮೂರು ಯಾತ್ರೆಗಳನ್ನು ಮಾಡಿದನು. ಆಫ್ರಿಕದ ಕರಾವಳಿಯಲ್ಲಿ ಮನುಷ್ಯರನ್ನು ಕೊಂಡು, ಸಂಕೋಲೆ ತೊಡಿಸಿ, ಕಡಲಾಚೆ ಮಾರಿದನು. ಪಾಪಿಯಾದ ನಾವಿಕನು ಭಕ್ತನಾದನೆಂದು ಹೇಳುವ ಕಥೆಯು, ಭಕ್ತನಾದ ನಾವಿಕನು ಗುಲಾಮರ ವ್ಯಾಪಾರಿಯಾದನೆಂಬ ಅರ್ಧವನ್ನು ಮುಚ್ಚಿಡುವುದು.

ಆ ಯಾತ್ರೆಗಳಲ್ಲಿ ಅವನ ಭಕ್ತಿಗೆ ಏನೂ ಊನವಿರಲಿಲ್ಲ. ಭಾನುವಾರ ಎರಡು ಹೊತ್ತು ನಾವಿಕರನ್ನು ಕೂಡಿಸಿ ತಾನೇ ದೇವಾರಾಧನೆ ನಡೆಸುತ್ತಿದ್ದನು. ಸತ್ಯವೇದವನ್ನು ಓದುವನು; ಬಿಡುವಿನ ವೇಳೆಯಲ್ಲಿ ಲ್ಯಾಟಿನ್ ಕವಿಗಳನ್ನು ಅಭ್ಯಾಸಮಾಡುವನು; ಊರಿನಲ್ಲಿದ್ದ ಹೆಂಡತಿಗೆ ಪ್ರೇಮವೂ ದೈವಭಕ್ತಿಯೂ ತುಂಬಿದ ಕಾಗದಗಳನ್ನು ಬರೆಯುವನು. ಅವನ ಕಾಲಕೆಳಗಿನ ಹಲಗೆಗೆ ಆಚೆ, ಹಡಗಿನ ಒಡಲಿನಲ್ಲಿ, ಮನುಷ್ಯರು ಪುಸ್ತಕದ ಕಪಾಟಿನಲ್ಲಿ ಪುಸ್ತಕಗಳನ್ನು ಒತ್ತಿಟ್ಟಂತೆ ಮಲಗಿದ್ದರು. ಅವನು ಬರೆದಿಟ್ಟ ದಿನಚರಿಯು ೧೯೬೨ರಲ್ಲಿ ಅಚ್ಚಾಯಿತು. ಗುಲಾಮರು ದಂಗೆಯ ಸಂಚು ಮಾಡಿದರೆಂಬ ಸಂಶಯದಿಂದ ಹುಡುಗರ ಹೆಬ್ಬೆರಳಿಗೆ ತಿರುಪಿನ ಯಂತ್ರವನ್ನು ಇಕ್ಕಿ ಬಾಯಿ ಬಿಡಿಸಿದ ಸಂಗತಿಯನ್ನು ಅದರಲ್ಲಿ ಅವನೇ, ಹವೆಯನ್ನೂ ಗಾಳಿಯ ದಿಕ್ಕನ್ನೂ ಬರೆದ ಅದೇ ಲೇಖನಿಯಿಂದ, ಅದೇ ಧ್ವನಿಯಲ್ಲಿ ಬರೆದಿದ್ದಾನೆ.

ಇಲ್ಲಿ ಒಂದು ಸಮಾಧಾನವನ್ನು ಕೆಲವರು ಹೇಳುವುದುಂಟು. ಬಿರುಗಾಳಿಯ ದಿನದಂದು ತಾನು ಪೂರ್ಣವಾಗಿ ವಿಶ್ವಾಸಿಯಾಗಲಿಲ್ಲವೆಂದೂ, ಅದಕ್ಕೆ ಬಹಳ ಕಾಲ ಹಿಡಿಯಿತೆಂದೂ ನ್ಯೂಟನ್ನನೇ ಬರೆದಿರುವನಲ್ಲ. ಆ ಯಾತ್ರೆಗಳು ಹಾಗಾದರೆ ಅರೆನಂಬಿಕೆಯ ಕಾಲದವು ಎಂದು. ಈ ಸಮಾಧಾನವು ನಿಲ್ಲುವುದಿಲ್ಲ. ೧೭೬೪ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ, ದೇವರೊಡನೆ ತನಗೆ ಅತ್ಯಂತ ಮಧುರವಾದ ಸಹವಾಸವು ಲಭಿಸಿದುದು ಗಿನಿ ತೀರದ ಕೊನೆಯ ಎರಡು ಯಾತ್ರೆಗಳಲ್ಲಿಯೇ ಎಂದು ಅವನು ಸ್ಪಷ್ಟವಾಗಿ ಹೇಳಿಕೊಂಡಿದ್ದಾನೆ. ಅವನು ಸುಳ್ಳು ಹೇಳಿದನೆಂದು ಭಾವಿಸಲು ಕಾರಣವಿಲ್ಲ. ಅವನು ಕಪಟಿಯಾಗಿದ್ದರೆ ವಿಷಯವು ಸುಲಭವಾಗಿ ಮುಗಿಯುತ್ತಿದ್ದಿತು. ಕಪಟಿಗಳು ಎಲ್ಲ ಮತಗಳಲ್ಲಿಯೂ ಇದ್ದಾರೆ, ಅವರಿಂದ ಕಲಿಯತಕ್ಕದ್ದು ಅಲ್ಪ. ಪ್ರಾಮಾಣಿಕನೊಬ್ಬನು ಪ್ರಾಮಾಣಿಕವಾಗಿಯೇ ಪ್ರಾರ್ಥಿಸಿ, ಪ್ರಾಮಾಣಿಕವಾಗಿಯೇ ಆನಂದವನ್ನು ಅನುಭವಿಸಿ, ಅದೇ ಮಧ್ಯಾಹ್ನ ಒಬ್ಬ ಹುಡುಗನ ಬೆರಳನ್ನು ಹಿಂಡಬಲ್ಲನು ಎಂಬುದೇ ಭಯಪಡತಕ್ಕ ವಿಷಯ.

ಆತ್ಮದ ಬೆಳವಣಿಗೆಯನ್ನು ಕುರಿತು ಉಪದೇಶಿಸುವ ಗ್ರಂಥಗಳಲ್ಲಿ ಬಹುಪಾಲು, ಓದುಗನನ್ನು ಒಳಗಣ್ಣಿನಿಂದ ತನ್ನನ್ನು ನೋಡಿಕೊಳ್ಳುವಂತೆ ಪ್ರೇರಿಸುತ್ತವೆ. ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತದೆಯೇ, ಶಾಂತಿ ದೊರೆಯಿತೇ, ಕಳೆದ ವರುಷಕ್ಕಿಂತ ಹೃದಯವು ಮೃದುವಾಗಿದೆಯೇ ಎಂಬ ಪ್ರಶ್ನೆಗಳನ್ನು ಅವು ಕೇಳುತ್ತವೆ. ನ್ಯೂಟನ್ನನು ಈ ಪ್ರಶ್ನೆಗಳಿಗೆಲ್ಲ ಹಡಗಿನ ಮೇಲೆ ನಿಂತುಕೊಂಡೇ ಹೌದೆಂದು ಉತ್ತರ ಕೊಡಬಹುದಾಗಿದ್ದಿತು. ಆ ಪರೀಕ್ಷೆಯಲ್ಲಿ ಅವನು ಮೊದಲನೆಯ ತರಗತಿಯಲ್ಲಿ ತೇರ್ಗಡೆಯಾಗುವನು. ಹಾಗಾದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿಯೇ ದೋಷವಿರಬೇಕಷ್ಟೆ. ಬೆಳಗಿನ ಪ್ರಾರ್ಥನೆಯನ್ನು ಮುಗಿಸಿ ಎದ್ದ ಗೃಹಸ್ಥನು ಒಡೆದ ಪಿಂಗಾಣಿಯ ಬೆಲೆಯನ್ನು ಕೆಲಸದವಳ ಸಂಬಳದಲ್ಲಿ ಮುರಿದುಕೊಳ್ಳುವಾಗ, ಅಳತೆಯ ಪಾವನ್ನು ಹೆಬ್ಬೆರಳಿನಿಂದ ಒತ್ತುವಾಗ, ಗೇಣಿದಾರನ ಬಾಕಿಯ ಪತ್ರಕ್ಕೆ ರುಜು ಹಾಕುವಾಗ ಅವನ ಮನಸ್ಸಿನ ಶಾಂತಿಗೆ ಭಂಗ ಬರುವುದಿಲ್ಲ. ಬರದೆ ಇರುವುದೇ ರೋಗ. ಅವನಾದರೋ ಅದನ್ನು ಆರೋಗ್ಯದ ಲಕ್ಷಣವೆಂದು ಎಣಿಸುವನು.

ನ್ಯೂಟನ್ನನು ಆ ವ್ಯಾಪಾರವನ್ನು ಬಿಟ್ಟ ಬಗೆಯನ್ನೂ ಹೇಳಬೇಕು. ೧೭೫೪ರಲ್ಲಿ ನಾಲ್ಕನೆಯ ಯಾತ್ರೆಗೆ ಹಡಗು ಸಿದ್ಧವಾಗಿದ್ದಿತು. ಹೊರಡುವುದಕ್ಕೆ ಎರಡು ದಿನ ಮುಂಚೆ, ಹೆಂಡತಿಯೊಡನೆ ಚಹಾ ಕುಡಿಯುತ್ತ ಕುಳಿತಿದ್ದಾಗ ಅವನಿಗೆ ಇದ್ದಕ್ಕಿದ್ದಂತೆ ಮೂರ್ಛೆ ಬಂದಿತು. ವೈದ್ಯರು ಸಮುದ್ರಯಾನ ಕೂಡದೆಂದರು. ಅವನು ಕೆಲಸವನ್ನು ಬಿಟ್ಟುಕೊಟ್ಟನು. ಮೂರ್ಛೆಯು ಮಾಡಿದ ಕೆಲಸವನ್ನು ಮನಸ್ಸಾಕ್ಷಿಯ ಖಾತೆಗೆ ಬರೆಯುವುದು ನ್ಯಾಯವಲ್ಲ. ತಾನು ಒಬ್ಬ ಸೆರೆಮನೆಯ ಕಾವಲುಗಾರನಂತಾದೆನೆಂದು ಅವನಿಗೆ ಬೇಸರವಿದ್ದುದೂ, ಇದಕ್ಕಿಂತ ಮನುಷ್ಯತ್ವವುಳ್ಳ ಉದ್ಯೋಗವನ್ನು ಕೊಡೆಂದು ದೇವರನ್ನು ಬೇಡುತ್ತಿದ್ದುದೂ ನಿಜವೇ. ಆದರೆ ಆ ಬೇಸರವು ತನ್ನ ಪಾಲಿನ ಕಷ್ಟಕ್ಕಾಗಿ ಪಟ್ಟದ್ದು. ಸಂಕೋಲೆಯಲ್ಲಿದ್ದವನ ಪಾಲಿಗೆ ನಡೆಯುತ್ತಿದ್ದುದು ಅನ್ಯಾಯವೆಂಬ ಸಂಶಯವೇ ಆಗ ತನಗೆ ಹುಟ್ಟಲಿಲ್ಲವೆಂದು ಮುಂದೆ ಅವನೇ ಒಪ್ಪಿಕೊಂಡನು. ೧೭೬೪ರಲ್ಲಿ ಅವನು ಓಲ್ನಿ ಎಂಬ ಊರಿನಲ್ಲಿ ಪಾದ್ರಿಯಾದನು. ೧೭೭೯ರಲ್ಲಿ ಕೂಪರ್ ಕವಿಯೊಡನೆ ಸೇರಿ ೩೪೮ ಕೀರ್ತನೆಗಳ ಸಂಗ್ರಹವನ್ನು ಹೊರಡಿಸಿದನು. ಗುಲಾಮರ ವ್ಯಾಪಾರವನ್ನು ಖಂಡಿಸಿ ಅವನು ಪುಸ್ತಿಕೆಯನ್ನು ಅಚ್ಚುಹಾಕಿಸಿದುದು ೧೭೮೮ರಲ್ಲಿ. ಬಿರುಗಾಳಿಯಿಂದ ಎಣಿಸಿದರೆ ೪೦ ವರ್ಷ. ಹಡಗನ್ನು ಬಿಟ್ಟ ದಿನದಿಂದ ಎಣಿಸಿದರೆ ೩೪.

“ಅದು ಆ ಕಾಲದ ದೋಷ, ಆಗ ಎಲ್ಲರೂ ಹಾಗೆಯೇ ಇದ್ದರು” ಎಂಬ ಮಾತು ಇಲ್ಲಿ ತಪ್ಪದೆ ಬರುವುದು. ಕಾಲವೆಂಬುದು ಬಡಪ್ರಾಣಿ, ಯಾರ ತಪ್ಪನ್ನು ಹೇರಿದರೂ ಹೊತ್ತುಕೊಳ್ಳುವುದು. ಆದರೆ ಆ ಕಾಲದಲ್ಲಿಯೇ, ಅದೇ ಅಟ್ಲಾಂಟಿಕ್ಕಿನ ಆಚೆಯ ದಡದಲ್ಲಿ, ನ್ಯೂಟನ್ನನಿಗಿಂತ ಐದು ವರ್ಷ ಹಿರಿಯನಾದ ಜಾನ್ ವೂಲ್ಮನ್ ಎಂಬ ಇನ್ನೊಬ್ಬ ಕ್ರೈಸ್ತನಿದ್ದನು. ಇವನ ಜೀವನದಲ್ಲಿ ಬಿರುಗಾಳಿಯಿಲ್ಲ. ನ್ಯೂ ಜರ್ಸಿಯ ಮೌಂಟ್ ಹಾಲಿ ಎಂಬ ಸಣ್ಣ ಊರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಹುಡುಗ, ಕ್ವೇಕರ್ ಪಂಥದವನು. ಇಪ್ಪತ್ತರ ಆಸುಪಾಸಿನ ವಯಸ್ಸು. ಒಂದು ದಿನ ಅಂಗಡಿಯ ಯಜಮಾನನು ತನ್ನ ಮನೆಯ ಆಫ್ರಿಕದ ಹೆಂಗಸನ್ನು ಮಾರಿ, ಕ್ರಯಪತ್ರವನ್ನು ಬರೆಯೆಂದು ಇವನಿಗೆ ಹೇಳಿದನು. ಕೊಂಡವನು ಪಕ್ಕದಲ್ಲಿಯೇ ಕಾದು ನಿಂತಿದ್ದಾನೆ. ಅವನೂ ಅದೇ ಪಂಥದ ವೃದ್ಧನು. ವೂಲ್ಮನ್ನನು ಬರೆದನು. ಬರೆಯುವಾಗ ಮನಸ್ಸು ಹಿಂಡಿದಂತಾಗಿ, ಗುಲಾಮರನ್ನಿಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದುವುದಿಲ್ಲವೆಂದು ಇಬ್ಬರೆದುರಿಗೂ ಹೇಳಿಬಿಟ್ಟನು. ಹಾಗೆ ಹೇಳಿದರೂ, ಬರೆಯಲಾರೆನೆಂದು ಕೈತೆಗೆದಿದ್ದರೆ ಇನ್ನೂ ಚೆನ್ನಾಗಿತ್ತೆಂಬ ಪಶ್ಚಾತ್ತಾಪವು ಅವನನ್ನು ಬಿಡಲಿಲ್ಲ. ಎರಡನೆಯ ಬಾರಿ ಇನ್ನೊಬ್ಬನು ಅಂಥದೇ ಪತ್ರವನ್ನು ಬರೆಸಲು ಬಂದಾಗ ಅವನು ಬರೆಯಲಿಲ್ಲ.

ಇವನ ಆತ್ಮದ ಬೆಳವಣಿಗೆಯ ಚರಿತ್ರೆಯೆಲ್ಲ ಇಂಥ ಕಾಗದಪತ್ರಗಳ ಸುತ್ತಲೇ ಇದೆ. ಅಕ್ಷರ ಬಲ್ಲವನಾದುದರಿಂದ ನೆರೆಯವರು ಉಯಿಲು ಬರೆಸಲು ಬರುವರು. ಅದರಿಂದ ನಾಲ್ಕು ಕಾಸಿನ ಸಂಪಾದನೆಯೂ ಉಂಟು. ಒಮ್ಮೆ ಪೆಟ್ಟು ತಗುಲಿ ಮಲಗಿದ್ದ ನೆರೆಯವನೊಬ್ಬನು ಕರೆಸಿ ಉಯಿಲಿನ ಅಂಶಗಳನ್ನು ಹೇಳಿದನು. ಅವುಗಳಲ್ಲಿ ಗುಲಾಮಳೊಬ್ಬಳನ್ನು ಮಕ್ಕಳಲ್ಲೊಬ್ಬರಿಗೆ ಕೊಡತಕ್ಕದ್ದೆಂಬುದೂ ಒಂದು. ವೂಲ್ಮನ್ನನು ಮಿಕ್ಕೆಲ್ಲವನ್ನೂ ಬರೆದು, ಆ ಒಂದನ್ನು ಮಾತ್ರ ಬಿಟ್ಟು, ಕಾಗದವನ್ನು ಹಾಸಿಗೆಯ ಬಳಿಗೆ ತಂದು, ಇದನ್ನು ಬರೆಯಲು ತನ್ನಿಂದಾಗದು, ಬರೆದ ಮಟ್ಟಿಗೆ ಹಣ ಬೇಡ, ಬೇರೆ ಯಾರಿಂದಲಾದರೂ ಮುಗಿಸಿಕೊಳ್ಳಬಹುದು ಎಂದನು. ಬೈಗುಳವಿಲ್ಲ, ಉಪನ್ಯಾಸವಿಲ್ಲ. ಇಬ್ಬರೂ ಮಾತನಾಡಿದರು. ಕೊನೆಗೆ ಆ ಮನುಷ್ಯನು ಅವಳನ್ನು ಬಿಡುಗಡೆ ಮಾಡಲು ಒಪ್ಪಿದನು, ಉಯಿಲು ಪೂರ್ತಿಯಾಯಿತು. ನಾಲ್ಕು ಸಾಲು ಬರೆಯದೆ ಬಿಟ್ಟುದರಿಂದ ಒಬ್ಬ ಮನುಷ್ಯಳು ಸ್ವತಂತ್ರಳಾದಳು. ನ್ಯೂಟನ್ನನು ಕೊನೆಯ ಯಾತ್ರೆಯನ್ನು ಮುಗಿಸಿ ಬಂದ ೧೭೫೪ರಲ್ಲಿಯೇ ವೂಲ್ಮನ್ನನು ಗುಲಾಮಗಿರಿಯನ್ನು ಕುರಿತ ತನ್ನ ಮೊದಲನೆಯ ಪುಸ್ತಿಕೆಯನ್ನು ಪ್ರಕಟಿಸಿದನು. ಕಾಲವು ಒಂದೇ, ಸತ್ಯವೇದವು ಒಂದೇ, ಭಾಷೆಯೂ ಒಂದೇ.

ವ್ಯತ್ಯಾಸವು ಯಾವುದರಲ್ಲಿ? ವೂಲ್ಮನ್ನನು ಹೆಚ್ಚು ಪ್ರಾರ್ಥಿಸಿದನೆಂದು ಹೇಳುವಂತಿಲ್ಲ. ಅವನ ದಿನಚರಿಯಲ್ಲಿ ಮನಸ್ಸಿನ ಮಾಧುರ್ಯಕ್ಕಿಂತ ಮನಸ್ಸಿನ ಇರುಸುಮುರುಸೇ ಹೆಚ್ಚು. ಅವನು ಆ ಇರುಸುಮುರುಸನ್ನು ಒರಸಿಹಾಕುವುದಕ್ಕೆ ಪ್ರಾರ್ಥನೆಯನ್ನು ಉಪಯೋಗಿಸಲಿಲ್ಲ. ಅದು ಎಲ್ಲಿ ಚುಚ್ಚುತ್ತಿದೆ, ಯಾವ ಗಿರಾಕಿಯ ಎದುರಿನಲ್ಲಿ, ಯಾವ ಊಟದ ತಟ್ಟೆಯ ಮೇಲೆ ಎಂದು ಹುಡುಕಿಕೊಂಡು ಹೋದನು. ಅವನ ಸ್ವಂತ ಅಂಗಡಿಯು ಬೆಳೆಯಿತು. ಕೈಯಲ್ಲಿ ಹಣವಿಲ್ಲದವರು ಸಾಲದ ಮೇಲೆ ಬೇಡದ ನವುರು ಬಟ್ಟೆಗಳನ್ನು ಕೊಂಡು, ತೀರಿಸಲಾರದೆ ನ್ಯಾಯಸ್ಥಾನಕ್ಕೆ ಎಳೆಸಿಕೊಳ್ಳುವುದನ್ನು ಕಂಡನು. ವ್ಯಾಪಾರವು ಇಳಿದುದಕ್ಕೆ ಅಳುವ ವರ್ತಕರನ್ನು ಲೋಕವು ಕಂಡಿದೆ. ಇವನು ಏರಿದುದಕ್ಕೆ ಚಿಂತಿಸಿ, ೧೭೫೬ರ ಹೊತ್ತಿಗೆ ಗಿರಾಕಿಗಳಿಗೆ ಬೇರೆ ಅಂಗಡಿಗಳನ್ನು ತೋರಿಸಿ, ಸರಕನ್ನು ಕಡಮೆಮಾಡಿ, ಸಹಾಯಕರಿಲ್ಲದೆ ಬಟ್ಟೆ ಹೊಲಿಯುವ ಕಸುಬಿಗೂ ಸೇಬಿನ ತೋಟಕ್ಕೂ ಇಳಿದನು.

ಕನ್ನಡದ ಮನೆಗಳಿಗೆ ಇದು ತೀರ ಹೊಸತಾಗಿ ತೋರಬೇಕಾದುದಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಅಷ್ಟು ಬೇಡವೆಂದು ಹಿಂದಕ್ಕೆ ಕಳುಹಿಸಿದ ಲಕ್ಕಮ್ಮನ ಕಥೆಯನ್ನು ಕೇಳದವರು ಯಾರು? ಕೇಳುವುದು ಬೇರೆ, ಅಕ್ಕಿಯ ಡಬ್ಬಿಯ ಮುಚ್ಚಳವನ್ನು ತೆಗೆದು ನೋಡುವುದು ಬೇರೆ.

ವೂಲ್ಮನ್ನನ ನಡತೆಯನ್ನು ಅತಿಯೆಂದು ಹೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಗುಲಾಮರ ದುಡಿಮೆಯಿಂದ ಬಂದ ಸಕ್ಕರೆಯನ್ನು ಅವನು ಬಿಟ್ಟನು. ಬಣ್ಣವು ಕೊಳೆಯನ್ನು ಮರೆಸುವುದೇ ಹೊರತು ಬಟ್ಟೆಗೆ ಹಿತವಲ್ಲವೆಂದು ಬಣ್ಣ ಹಾಕದ ಉಡುಪನ್ನು ತೊಟ್ಟನು. ಬಿಳಿಯ ಟೋಪಿಯು ಆಗ ಶೋಕಿಗಾರರಲ್ಲಿ ಚಾಲ್ತಿಗೆ ಬಂದಿದ್ದುದರಿಂದ, ಈ ಸರಳ ಮನುಷ್ಯನನ್ನು ಕೆಲವರು ಷೋಕಿಯವನೆಂದು ತಿಳಿದರು! ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸುವಾಗ ಗುಲಾಮರನ್ನಿಟ್ಟುಕೊಂಡವರ ಮನೆಯಲ್ಲಿ ಉಂಡರೆ, ಆ ಊಟವನ್ನು ಬಡಿಸಿದ ಕೈಗಳಿಗೆ ಕೂಲಿ ಸಂದಿಲ್ಲವೆಂದು ಬೆಳ್ಳಿಯ ನಾಣ್ಯಗಳನ್ನು ಅವರಿಗೆ ಕೊಟ್ಟು ಹೋಗುವನು. ಆತಿಥೇಯನಿಗೆ ಅದೆಷ್ಟು ಮುಜುಗರವಾಗಿರಬೇಕು. ಕೊಡುವವನಿಗೂ ಮುಜುಗರವೇ, ಅದನ್ನು ಅವನು ಮುಚ್ಚಿಟ್ಟಿಲ್ಲ. ೧೭೭೦ರಲ್ಲಿ ರೋಗದಿಂದ ಸಾವಿನ ಅಂಚಿಗೆ ಹೋಗಿದ್ದಾಗ, ಧನಿಕ ಕ್ರೈಸ್ತರಿಗಾಗಿ ಗಣಿಯಲ್ಲಿ ದುಡಿಯುವ ಜನರು ಕ್ರಿಸ್ತನ ಹೆಸರನ್ನು ಶಪಿಸುವುದನ್ನು ಕನಸಿನಂಥ ಸ್ಥಿತಿಯಲ್ಲಿ ಕೇಳಿದನು. ತಮ್ಮನ್ನು ಹೀಗೆ ದುಡಿಸೆಂದು ಹೇಳಿದವನು ಕ್ರಿಸ್ತನಾದರೆ ಆ ಕ್ರಿಸ್ತನು ಕ್ರೂರಿಯೆಂಬುದು ಅವರ ವಾದ. ಆಮೇಲೆ ಅವನು ಬೆಳ್ಳಿಯ ಪಾತ್ರೆಯಲ್ಲಿ ಕುಡಿಯುವುದನ್ನು ಬಿಟ್ಟನು.

“ಇದೆಲ್ಲ ಸ್ವಂತ ಪುಣ್ಯದಿಂದ ಸ್ವರ್ಗವನ್ನು ಕೊಳ್ಳುವ ಹಂಚಿಕೆ, ಕ್ರೈಸ್ತಮತದ ಸಾರವು ಕೃಪೆ, ಕರ್ಮವಲ್ಲ” ಎಂದು ಪಂಡಿತರು ತಕರಾರು ಮಾಡುವರು. ತಕರಾರು ಶಾಸ್ತ್ರಸಮ್ಮತವಾಗಿ ಕಾಣುವುದು. ಆದರೆ ವೂಲ್ಮನ್ನನು ಆ ನಾಣ್ಯಗಳನ್ನು ದೇವರಿಗೆ ಕೊಡಲಿಲ್ಲ, ಅಡಿಗೆ ಮಾಡಿದವಳಿಗೆ ಕೊಟ್ಟನು. ಅದು ದಾನವೂ ಅಲ್ಲ, ಬಾಕಿ. ಕೃಪೆಯಿಂದ ಪಾಪದ ಸಾಲವು ತೀರಿತೆಂದು ಹಾಡುವವನು ಅಡಿಗೆಯವಳ ಸಾಲವೂ ಅದರಲ್ಲಿಯೇ ಜಮೆಯಾಯಿತೆಂದು ತಿಳಿದರೆ ಅದಕ್ಕೆ ಕೃಪೆಯು ಹೊಣೆಯಲ್ಲ. ಸುಂಕದವನಾದ ಜಕ್ಕಾಯನ ಮನೆಗೆ ಯೇಸು ಬಂದ ದಿನ ಆ ಮನುಷ್ಯನು ಮೊದಲು ಎತ್ತಿದ ಮಾತು ಯಾರಿಗೆ ಎಷ್ಟು ಹಿಂದಿರುಗಿಸಬೇಕೆಂಬ ಲೆಕ್ಕದ ಮಾತು ಎಂಬುದನ್ನು ಪಂಡಿತರು ಮರೆಯಬಾರದು.

ಒಬ್ಬ ಸಿಂಪಿಗನು ಸಕ್ಕರೆ ಬಿಟ್ಟರೆ ಲೋಕಕ್ಕೇನಾಯಿತು ಎಂಬುದೂ ಒಂದು ಪ್ರಶ್ನೆ. ೧೭೫೮ರಲ್ಲಿ ಫಿಲಡೆಲ್ಫಿಯದ ಕ್ವೇಕರ್ ಮಹಾಸಭೆಯು, ಗುಲಾಮರನ್ನಿಟ್ಟುಕೊಂಡ ಸದಸ್ಯರ ಮನೆಮನೆಗೆ ಹೋಗಿ ಬೋಧಿಸಲು ಕೆಲವರನ್ನು ನೇಮಿಸಿತು. ಅವರಲ್ಲಿ ವೂಲ್ಮನ್ನನೂ ಒಬ್ಬನು. ೧೭೭೬ರಲ್ಲಿ ಅದೇ ಸಭೆಯು ಗುಲಾಮರನ್ನಿಟ್ಟುಕೊಳ್ಳುವುದನ್ನೇ ತನ್ನ ಸದಸ್ಯರಿಗೆ ನಿಷೇಧಿಸಿತು. ೧೭೮೩ರಲ್ಲಿ ಇಂಗ್ಲೆಂಡಿನ ಕ್ವೇಕರರು ಪಾರ್ಲಿಮೆಂಟಿಗೆ ಮನವಿಯನ್ನು ಸಲ್ಲಿಸಿದರು. ೧೭೯೧ರಲ್ಲಿ ಪಾರ್ಲಿಮೆಂಟು ವ್ಯಾಪಾರವನ್ನು ನಿಲ್ಲಿಸಲು ಒಪ್ಪದೆ ಹೋದಾಗ, ಇಂಗ್ಲೆಂಡಿನ ಸಾವಿರಾರು ಮನೆಗಳಲ್ಲಿ ಚಹಾದ ಮೇಜಿನಿಂದ ಸಕ್ಕರೆಯ ಬಟ್ಟಲು ಎದ್ದುಹೋಯಿತು. ಮತದ ಹಕ್ಕಿಲ್ಲದ ಹೆಂಗಸರು ಅಡಿಗೆಮನೆಯಲ್ಲಿ ಕೊಟ್ಟ ಮತವದು. ಸಿಂಪಿಗನ ಹುಚ್ಚು ಎನಿಸಿಕೊಂಡುದು ಅವನು ಸತ್ತ ೨೦ ವರ್ಷದೊಳಗೆ ಗೃಹಿಣಿಯರ ವ್ರತವಾಯಿತು.

ನ್ಯೂಟನ್ನನಿಗೂ ಅನ್ಯಾಯವಾಗಬಾರದು. ೧೭೮೫ರಲ್ಲಿ ವಿಲ್ಬರ್‌ಫೋರ್ಸನೆಂಬ ತರುಣನು, ಪಾರ್ಲಿಮೆಂಟಿನ ಸದಸ್ಯನು, ಆತ್ಮದ ಕಳವಳದಿಂದ ಅವನ ಬಳಿಗೆ ಬಂದು ಸಲಹೆ ಕೇಳಿದಾಗ, ರಾಜಕಾರ್ಯವನ್ನು ಬಿಡಬೇಡ, ಅಲ್ಲಿಯೇ ಇದ್ದು ದೇವರ ಸೇವೆಮಾಡೆಂದು ಹೇಳಿದ ವಿವೇಕವು ಅವನದು. ಮೂರು ವರ್ಷಗಳ ತರುವಾಯ ಬರೆದ ಪುಸ್ತಿಕೆಯಲ್ಲಿ ಅವನು ತನ್ನನ್ನು ಮರೆಮಾಚಿಕೊಳ್ಳಲಿಲ್ಲ. ಈ ತಪ್ಪೊಪ್ಪಿಗೆ ಬಹಳ ತಡವಾಯಿತೆಂದೂ, ತಾನು ಅಂಥ ಕೆಲಸದಲ್ಲಿ ಕೈಯಾಡಿಸಿದೆನೆಂಬ ನೆನಪು ಸಾಯುವವರೆಗೂ ತನ್ನನ್ನು ನಾಚಿಸುವುದೆಂದೂ ಬರೆದನು. ಸರಕಾರದ ವಿಚಾರಣೆಯಲ್ಲಿ ಕಣ್ಣಾರೆ ಕಂಡುದನ್ನೂ ಕೈಯಾರೆ ಮಾಡಿದುದನ್ನೂ ಸಾಕ್ಷಿ ಹೇಳಿದನು. ೧೮೦೭ರ ಮಾರ್ಚಿಯಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಕಾಯಿದೆಯಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡನು. ಇಷ್ಟು ದೊಡ್ಡ ತಪ್ಪೊಪ್ಪಿಗೆಯನ್ನು ಮಾಡಿದವನ ಚರಿತ್ರೆಯಿಂದ ಆ ತಪ್ಪೊಪ್ಪಿಗೆಯನ್ನೇ ಕಿತ್ತುಹಾಕಿ, ೪೦ ವರ್ಷಗಳ ದಾರಿಯನ್ನು ಒಂದು ರಾತ್ರಿಗೆ ಕುಗ್ಗಿಸಿ ಹೇಳುವವರು ಅವನ ಅಭಿಮಾನಿಗಳೋ ಶತ್ರುಗಳೋ ಎಂಬುದನ್ನು ಅವರೇ ಯೋಚಿಸಬೇಕು. ಬಿರುಗಾಳಿಯ ಕಥೆಯನ್ನು ಕೇಳಿದ ಗೃಹಸ್ಥನು ತನಗೂ ಅಂಥದೊಂದು ರಾತ್ರಿ ಬಂದುಹೋಯಿತೆಂದೋ, ಮುಂದೆ ಬರುವುದೆಂದೋ ನೆಮ್ಮದಿಯಿಂದ ಮನೆಗೆ ಹೋಗುವನು. ನಿಜವಾದ ಕಥೆಯನ್ನು ಕೇಳಿದವನು ಮನೆಗೆ ಹೋಗಿ ತನ್ನ ಹಲಗೆಯ ಕೆಳಗೆ ಯಾರಿದ್ದಾರೆಂದು ಬಗ್ಗಿ ನೋಡಬೇಕಾಗುವುದು.

ವೂಲ್ಮನ್ನನು ೧೭೭೨ರಲ್ಲಿ ಇಂಗ್ಲೆಂಡಿಗೆ ಬಂದನು. ಹಡಗಿನ ಮೇಲುಕೋಣೆಯ ಕೆತ್ತನೆಗಳು ಅನಾವಶ್ಯಕವಾದ ವೆಚ್ಚವೆಂದು, ನಾವಿಕರು ಮಲಗುವ ಕೆಳಗಿನ ಅಂತಸ್ತಿನಲ್ಲಿ ಪ್ರಯಾಣ ಮಾಡಿದನು. ಅಲ್ಲಿ ಬಾಡಿಗೆಯ ಗಾಡಿಗಳ ಕುದುರೆಗಳು ವೇಗಕ್ಕಾಗಿ ಓಡಿಸಲ್ಪಟ್ಟು ಸಾಯುತ್ತವೆಂದೂ, ಗಾಡಿಯ ಹುಡುಗರು ಚಳಿಯಲ್ಲಿ ಸೆಟೆದು ಸಾಯುತ್ತಾರೆಂದೂ ಕೇಳಿ, ಲಂಡನ್ನಿನಿಂದ ಉತ್ತರಕ್ಕೆ ಕಾಲುನಡಿಗೆಯಲ್ಲಿಯೇ ಹೋದನು. ಯಾರ್ಕ್ ಪಟ್ಟಣದಲ್ಲಿ ಸಿಡುಬು ಬಂದು ಅಕ್ಟೋಬರ್ ೭ರಂದು ತೀರಿಕೊಂಡನು. ಕಾಯಿಲೆಯಲ್ಲಿ ಅವನು ಮಾಡಿದ ಏರ್ಪಾಡುಗಳಲ್ಲಿ ಶವಪೆಟ್ಟಿಗೆಯದೂ ಒಂದು: ಓಕ್ ಮರವು ಬದುಕಿರುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದರಿಂದ ತನ್ನ ಪೆಟ್ಟಿಗೆಯನ್ನು ಆಷ್ ಮರದಿಂದ ಸಾದಾ ಆಗಿ ಮಾಡಿಸಬೇಕು, ಅದರ ಖರ್ಚಿಗೆ ತಾನು ತೊಟ್ಟ ಬಟ್ಟೆಗಳನ್ನು ಹಿಡಿದುಕೊಳ್ಳಬೇಕು.